ಮರುಮದುವೆಯಾಗಿಲ್ಲ ಎಂಬ ಸರ್ಟಿಫಿಕೇಟು

ವರ್ಷಕ್ಕೊಮ್ಮೆ ನಾನು ಸರಕಾರಕ್ಕೆ ಹೇಳಬೇಕು
ಇನ್ನೊಂದು ಮದುವೆ ಆಗಲಿಲ್ಲ ಎಂದು.
ಫಾರ್ಮು ಮಲಯಾಳದಲ್ಲಿ. ನಾನು ಓದಿದ್ದು
ನಾಲ್ಕನೇ ಕ್ಲಾಸು, ಕನ್ನಡ ಶಾಲೆ.
ಆ ಅಕ್ಷರಗಳು ಪರಿಚಯದವರ ಹಾಗೆ ಕಾಣುತ್ತವೆ,
ಎದುರು ಸಿಕ್ಕಿದರೆ ಮಾತಾಡುವುದಿಲ್ಲ.

ಹಾಗಾಗಿ ಮಣಿಯಾಣಿಯವರು ಬರುತ್ತಾರೆ.
ಕುಂಞಿಕಣ್ಣ ಮಣಿಯಾಣಿ, ಮುಳ್ಳೇರಿಯದ ಬಸ್ಸಿನಲ್ಲಿ
ಇಪ್ಪತ್ತೆಂಟು ವರ್ಷ ಕಂಡಕ್ಟರು.
ಹೆಂಡತಿ ಹೋಗಿ ಏಳಾಯಿತು. ಗಂಡಸಿಗೆ
ಈ ಫಾರ್ಮು ಇಲ್ಲ. ಅವರು ಇನ್ನೊಂದು ಆದರೋ ಬಿಟ್ಟರೋ
ತಿರುವನಂತಪುರಕ್ಕೆ ಚಿಂತೆ ಇಲ್ಲ.

ಬದಿಯಡ್ಕ ಪೇಟೆ, ವಿಲೇಜಾಫೀಸಿನ ಜಗಲಿ.
ಕನ್ನಡಕ ಮೂಗಿನ ತುದಿಗೆ ಇಳಿಸಿ
ಸ್ಟಾಪು ಕೂಗಿದ ಹಾಗೆಯೇ ಓದುತ್ತಾರೆ:
ಹೆಸರು. ಗುಲಾಬಿ.
ಗಂಡನ ಹೆಸರು. ದಿವಂಗತ ಐತ ಮೂಲ್ಯ.
ವಯಸ್ಸು. ಐವತ್ತೊಂಬತ್ತು.
ಕೆಳಗಿನ ಗೆರೆಗೆ ಬಂದಾಗ ಸ್ವರ ಸಣ್ಣದಾಗುತ್ತದೆ,
ಜಾತಿ ಸರ್ಟಿಫಿಕೇಟಿಗೆ ನಿಂತ ಹುಡುಗನಿಗೆ ಕೇಳದ ಹಾಗೆ.
"ಆಗಿಲ್ಲ, ಅಲ್ವಾ?"
"ಆಗಿದ್ದರೆ ನಿಮಗೆ ಊಟಕ್ಕೆ ಹೇಳುತ್ತಿದ್ದೆ."
ನಗುವುದಿಲ್ಲ. ಬರೆಯುತ್ತಾರೆ,
ಅಡಿಯ ಕಾಗದಕ್ಕೂ ಮೂಡಬೇಕು ಎಂಬಂತೆ ಒತ್ತಿ.

ಆಮೇಲೆ ಅಕ್ಷಯ ಕೇಂದ್ರ.
ಅಲ್ಲಿ, ಬದುಕಿದ್ದೇನೆ ಎಂದು ತೋರಿಸಬೇಕು.
ಹೆಬ್ಬೆರಳು ಇಟ್ಟೆ. ಕೆಂಪು.
ಸೆರಗಿಗೆ ಒರೆಸಿ ಮತ್ತೆ ಇಟ್ಟೆ. ಕೆಂಪು.
ಮೂವತ್ತೈದು ವರ್ಷ, ದಿನಕ್ಕೆ ಎಂಟುನೂರು ಬೀಡಿ:
ಎಲೆ ಕತ್ತರಿಸಿ, ಸುತ್ತಿ, ಬಾಯಿ ಮಡಚಿ, ನೂಲು ಕಟ್ಟಿ
ಬೆರಳಿನ ಗೆರೆಯೆಲ್ಲ ಬ್ರಾಂಚಿಗೆ ಕೊಟ್ಟು ಬಂದೆ.
ಯಾರ್ಯಾರದೋ ಬಾಯಲ್ಲಿ ಹೊಗೆಯಾಗಿ ಹೋಗಿರಬೇಕು.
"ಅಜ್ಜೀ, ನೀವು ಸಿಗುವುದಿಲ್ಲ," ಎಂದಳು ಹುಡುಗಿ.
ಇಲ್ಲಿಯೇ ಇದ್ದೇನಲ್ಲ, ಮಗಾ.

ಮಣಿಯಾಣಿಯವರು ಕರ್ಚೀಫು ನೀರಿನಲ್ಲಿ ಅದ್ದಿ
ನನ್ನ ಹೆಬ್ಬೆರಳು ಒರೆಸಿದರು.
ಮೇಲಿನಿಂದ ತಮ್ಮದನ್ನು ಇಟ್ಟು ಒತ್ತಿ
ಒಂದು, ಎರಡು, ಮೂರು, ಗಟ್ಟಿಯಾಗಿ ಎಣಿಸಿದರು.
ಹಸಿರು.
ಹನ್ನೊಂದು ವರ್ಷದಿಂದ ಯಾರೂ ನನ್ನ ಕೈ ಹಿಡಿದಿರಲಿಲ್ಲ,
ಬಳೆಯಂಗಡಿಯವನೂ ಸೇರಿ.
ಹಸಿರು ಬಂದ ಮೇಲೂ ಚೂರು ಹೊತ್ತು ಒತ್ತಿಯೇ ಇದ್ದರು.
ಆಯಿತು ಎಂದು ನಾನೂ ಹೇಳಲಿಲ್ಲ.

ಮನೆಯಲ್ಲಿ ಇದಕ್ಕೆಲ್ಲ ಯಂತ್ರ ಬೇಡ.
ಬೆಳಿಗ್ಗೆ ಆರಕ್ಕೆ, ಮುರಕಲ್ಲಿನ ಗೋಡೆಯ ಆಚೆಯಿಂದ ಬೀಫಾತುಮ್ಮ:
"ಗುಲಾಬೀ, ಉಂಟಾ?"
"ಉಂಟು."
ಅಷ್ಟೇ. ಅವಳೂ ಒಬ್ಬಳೇ.
ಒಮ್ಮೆ ಜ್ವರದಲ್ಲಿ ನಾನು ಓ ಎನ್ನದಿದ್ದಾಗ
ಎಪ್ಪತ್ತೆರಡರ ಹೆಂಗಸು ಗೋಡೆ ಹತ್ತಿ ಹಾರಿ
ಮೊಣಕಾಲು ಕೆತ್ತಿಸಿಕೊಂಡು, ನನ್ನನ್ನು ಬೈದು,
ಮತ್ತೆ ಗಂಜಿಗೆ ನೀರಿಟ್ಟಳು.
ನಿನ್ನೆ ಅವಳೇ ಕೇಳಿದ್ದು:
"ಆ ಕಂಡಕ್ಟರು ನಿನಗೆ ಎಂತ ಆಗಬೇಕು?"
ನನಗೆ ತುಳು ಬರುತ್ತದೆ, ಕನ್ನಡ ಬರುತ್ತದೆ,
ಅಂಗಡಿಗೆ ಸಾಕಾಗುವಷ್ಟು ಮಲಯಾಳ, ಜಗಳಕ್ಕೆ ಸಾಕಾಗುವಷ್ಟು ಅವಳ ಬ್ಯಾರಿ.
ನಾಲ್ಕರಲ್ಲೂ ಹುಡುಕಿದೆ.
"ಫಾರ್ಮು ಓದುವವರು," ಎಂದೆ.
ಬೀಫಾತುಮ್ಮ ವೀಳ್ಯಕ್ಕೆ ಸುಣ್ಣ ಸವರುತ್ತ
"ಓದಲಿ, ಓದಲಿ," ಎಂದಳು.

ಬರುವ ಮಾರ್ಚಿಗೆ ನನಗೆ ಅರುವತ್ತು.
ಮತ್ತೆ ಆ ಸರ್ಟಿಫಿಕೇಟು ಬೇಡವಂತೆ.
ಅರುವತ್ತಾದ ಮೇಲೆ ಹೆಂಗಸು ಎಲ್ಲಿಗೆ ಹೋಗಿಯಾಳು ಎಂದು
ಅವರ ಲೆಕ್ಕ.
ಬಸ್ಸು ಕಾಯುತ್ತ ಇದನ್ನು ಹೇಳಿದೆ.
ಮಣಿಯಾಣಿಯವರು ಝೆರಾಕ್ಸಿನ ಬಾಕಿ ನಾಲ್ಕು ರೂಪಾಯಿ
ಎಣಿಸಿ ನನ್ನ ಅಂಗೈಗೆ ಹಾಕಿದರು.
ಚಿಲ್ಲರೆ ನುಂಗಿದ ಕಂಡಕ್ಟರಲ್ಲ ಅವರು.
"ಹಾಗಾದರೆ ಬರುವ ವರ್ಷ ಎಂತಕ್ಕೆ ಬರುವುದು?"
ರಸ್ತೆ ನೋಡಿಕೊಂಡೇ ಕೇಳಿದರು.
"ಕರೆಂಟಿನ ಬಿಲ್ಲೂ ಮಲಯಾಳದಲ್ಲಿಯೇ ಉಂಟಲ್ಲ," ಎಂದೆ.

ಬಸ್ಸು ಬಂತು. ಸೀಟು ಇತ್ತು.
ಆದರೂ ಅವರು ಬಾಗಿಲ ಹತ್ತಿರವೇ ನಿಂತು,
ನಾನು ಕೂತು, ಕೊಡೆ ಮಡಿಲಲ್ಲಿ ಇಟ್ಟು, ಸೆರಗು ಸರಿ ಮಾಡುವವರೆಗೆ ಕಾದು
ತಗಡಿಗೆ ಎರಡು ಸಲ ಬಡಿದರು: ರೈಟ್.
ಕಂಡಕ್ಟರು ಹುಡುಗ ಟಿಕೆಟು ಯಂತ್ರ ಹಿಡಿದುಕೊಂಡು
ಇದು ಯಾರಪ್ಪಾ ಎಂದು ತಿರುಗಿ ನೋಡಿದ.